ಹಕಾರವಿಲ್ಲದ ರಾಜ್ಯ

ಭಾನುವಾರ ಮಧ್ಯಾಹ್ನ ಗುಂಡ್ಲುಪೇಟೆಯ ಒಂದು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತ ನಲವತ್ತಾರು ವರ್ಷದ ಗಂಡಸು, ಎದುರಿಗಿದ್ದ ಬಸ್ ಕಂಡಕ್ಟರನಿಗೆ 'ನಿನ್ನ ಕುದುರೆ ಸತ್ತಿತು' ಎಂದು ಗಂಭೀರವಾಗಿ ಹೇಳಿದ. ಕಂಡಕ್ಟರು ನಿಜಕ್ಕೂ ಮುಖ ಸಣ್ಣ ಮಾಡಿಕೊಂಡು, 'ಅನ್ಯಾಯ ಕಣ್ ಮೇಷ್ಟ್ರೆ, ಅದ್ಕೆ ಈಗ್ತಾನೆ ಉಳ್ಳಿಕಾಳ್ ತಿನ್ಸಿದ್ದೆ' ಅಂದ. ಇದನ್ನು ಬಾಗಿಲಲ್ಲಿ ನಿಂತು ನೋಡಿದ ನಮ್ಮ ಅಣ್ಣ, ಇವಕ್ಕೆ ಹುಚ್ಚು ಹಿಡಿದಿದೆ ಎಂದು ತೀರ್ಮಾನಿಸಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ನಾಲ್ಕು ವರ್ಷವಾಯಿತು, ಭಾನುವಾರ ಮಧ್ಯಾಹ್ನ ಅವನು ಮನೆಯಲ್ಲಿರುವುದೇ ಇಲ್ಲ. ಆ ಮೇಷ್ಟ್ರು ನಾನು.

ಆಟ ಇಷ್ಟೇ. ಒಬ್ಬ ಯಜಮಾನ ಇರುತ್ತಾನೆ. ಅವನು ಇಲ್ಲದ ಲೋಕವೊಂದನ್ನು ಬಾಯಲ್ಲೇ ಕಟ್ಟುತ್ತಾನೆ: ಕಾಡು, ಕೋಟೆ, ರಾಕ್ಷಸರು, ಮಂತ್ರ, ಮಾಟ. ಮಿಕ್ಕವರು ಆ ಲೋಕದ ಒಂದೊಂದು ಜೀವ ಆಗುತ್ತಾರೆ. 'ಹೊಳೆ ಅಡ್ಡ ಬಂತು, ಏನು ಮಾಡ್ತೀಯ?' ಎಂದು ಯಜಮಾನ ಕೇಳುತ್ತಾನೆ. ಈಜುತ್ತೇನೆ ಅಂದರೆ ದಾಳ ಹಾಕಬೇಕು. ಇಪ್ಪತ್ತು ಮುಖದ ದಾಳ. ದೊಡ್ಡ ಅಂಕಿ ಬಿದ್ದರೆ ದಡ, ಚಿಕ್ಕದು ಬಿದ್ದರೆ ಮೊಸಳೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಮುಗಿಯುವುದೂ ಇಲ್ಲ. ಪರದೇಶದ ಆಟ. ಇದನ್ನು ನಮಗೆ ಅಂಟಿಸಿದವನು ಚಾಮರಾಜನಗರದಲ್ಲಿ ನಮ್ಮ ಶಾಲೆಯ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಚಂದಕವಾಡಿಯವನು. ಕೆಲಸವಿಲ್ಲದಾಗ ವಿಡಿಯೋ ನೋಡುತ್ತಾನೆ, ಕೆಲಸವಿದ್ದಾಗಲೂ ನೋಡುತ್ತಾನೆ. ದಾಳವನ್ನು ಅವನೇ ಆನ್‌ಲೈನಿನಲ್ಲಿ ತರಿಸಿದ.

ದಾಳ ಮನೆಗೆ ಬಂದ ದಿನ ನಮ್ಮ ಅವ್ವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, 'ಐದ್ ಮೊಕದ ಶಿವನ ಕಂಡಿವ್ನಿ. ಇದ್ಯಾವ ದ್ಯಾವ್ರಪ್ಪ ಇಪ್ಪತ್ ಮೊಕದ್ದು' ಅಂದಳು. ಯಾವುದಾದರೂ ಇರಲಿ ಎಂದು ವಿಭೂತಿ ಬಳಿದಳು. ಒಂದು ಮುಖದ ಗೆರೆಯೊಳಗೆ ಆ ವಿಭೂತಿ ಕೂತುಬಿಟ್ಟು, ಅಲ್ಲಿ ಬಿದ್ದದ್ದು ಒಂದೋ ಏಳೋ ಎಂದು ಇವತ್ತಿಗೂ ಜಗಳ ನಡೆಯುತ್ತದೆ. ತೊಳೆಯೋಣ ಅಂದರೆ ಅವ್ವ ಬಿಡುವುದಿಲ್ಲ.

ಆಡುವವರು ಮೂವರು. ಪುಣಜನೂರಿನ ಕಂಡಕ್ಟರು ಮಾಂತ್ರಿಕ. ಮೊಬೈಲ್ ಅಂಗಡಿಯವನು ಕಳ್ಳ. ಅಭಿನಯದ ಅಗತ್ಯ ಅವನಿಗೆ ಬೀಳಲಿಲ್ಲ. ಮೂರನೆಯವರು ನಮ್ಮ ಅತ್ತಿಗೆ. ಅವರು ಆಟಕ್ಕೆ ಬಂದದ್ದು ಟೀ ಲೋಟ ಹಿಡಿದುಕೊಂಡು. ಆ ಹೊತ್ತಿಗೆ ಮಾಂತ್ರಿಕನೂ ಕಳ್ಳನೂ ಬೀಗ ಹಾಕಿದ ಒಂದು ಬಾಗಿಲ ಮುಂದೆ ಮುಕ್ಕಾಲು ಗಂಟೆಯಿಂದ ನಿಂತಿದ್ದರು. ಅತ್ತಿಗೆ ಟೀ ಕೊಟ್ಟು, 'ಆವಾಗಿಂದ ಕೇಳ್ತಾವ್ನಿ, ಇಂದ್ಗಡೆ ಕಿಟ್ಕಿ ಇಲ್ವ ಆ ಮನೆಗೆ?' ಎಂದರು. ನಾನು ಕಿಟಕಿಯ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಮುಂದಿನ ಭಾನುವಾರದಿಂದ ಅತ್ತಿಗೆ ರಾಜ್ಯ ಕಳೆದುಕೊಂಡ ಅರಸನ ಮಗಳು.

ಈಗ ನಮ್ಮ ನಾಲಿಗೆಯ ವಿಷಯ ಹೇಳಲೇಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ನಮ್ಮ ಸೀಮೆಯಲ್ಲಿ ಹಕಾರ ಹುಟ್ಟುವುದಿಲ್ಲ. ಹಸು ಅಸು, ಹೊಳೆ ಒಳೆ, ಹೋಗೋಣ ಓಗನ. ಇಪ್ಪತ್ತು ವರ್ಷ ಬೆತ್ತ ಹಿಡಿದು, ಆಮೇಲೆ ಬೆತ್ತ ಬಿಟ್ಟು, ನಾನು ಮಕ್ಕಳ ಹಕಾರ ತಿದ್ದುತ್ತ ಬಂದಿದ್ದೇನೆ. ಪರಿಣಾಮ ಏನೆಂದರೆ ಹೋದ ವರ್ಷ ಒಬ್ಬ ಹುಡುಗಿ ಹೆದರಿಕೆಯಲ್ಲಿ 'ಹಮ್ಮ ಹಡುಗೆ ಮಾಡುತ್ತಾಳೆ, ಹಾನೆ ಹೆಲೆ ತಿನ್ನುತ್ತದೆ' ಎಂದು ಉಕ್ತಲೇಖನ ಬರೆದಳು. ಇಷ್ಟೆಲ್ಲ ಮಾಡಿ ಭಾನುವಾರ ಗುಂಡ್ಲುಪೇಟೆ ಬಸ್ಸು ಹತ್ತಿ ತೆರಕಣಾಂಬಿ ದಾಟುವ ಹೊತ್ತಿಗೆ ನನ್ನ ಬಾಯಿಂದಲೂ ಹಕಾರ ಇಳಿದು ಹೋಗಿರುತ್ತದೆ.

ಹಾಗಾಗಿ ನಮ್ಮ ರಾಜ್ಯ ಹುಟ್ಟಿದ್ದೇ ತಪ್ಪು ಕೇಳಿಸಿಕೊಂಡು. ನಾನು ಹಕ್ಕಿರಾಜ ಎಂದುಕೊಂಡು 'ಅಕ್ಕಿರಾಜ' ಅಂದೆ. ರೆಕ್ಕೆ, ಕೊಕ್ಕು ಎಲ್ಲ ಮನಸ್ಸಿನಲ್ಲಿತ್ತು. ಅವರು ಅಕ್ಕಿ ಎಂದೇ ತಿಳಿದರು. ಕಂಡಕ್ಟರು ಕೂಡಲೇ 'ಅವ್ನಿಗೆ ಕುದಿನೀರ್ ಉಯ್ದ್ರೆ ಅನ್ನ ಆಯ್ತಾನೆ' ಎಂದು ಯುದ್ಧದ ಉಪಾಯ ಹೇಳಿದ. ದಾಳಕ್ಕೆ ಹತ್ತೊಂಬತ್ತು ಬಿತ್ತು. ಅರಸ ಅನ್ನವಾದ, ಸೈನ್ಯವೆಲ್ಲ ಸಾರು ಹುಡುಕಿಕೊಂಡು ಹೋಯಿತು. ಅಲ್ಲಿಂದ ಮುಂದೆ ಯಾರೂ ಏನನ್ನೂ ತಿದ್ದಲಿಲ್ಲ. ನಮ್ಮ ಲೋಕದ ಕಾಡಿಗೆ ಗೇಟಿದೆ, ರಾತ್ರಿ ಮುಚ್ಚಿದರೆ ಬೆಳಗ್ಗೆಯೇ ತೆಗೆಯುವುದು, ಒಳಗೆ ಉಳಿದವನು ಕಾಡಿಗೆ ಸೇರಿದವನು. ರಾತ್ರಿ ಸಂಚಾರವಿಲ್ಲದ ಬಂಡೀಪುರದ ರೂಟಿನಲ್ಲಿ ಟಿಕೆಟ್ ಹರಿದವನು ಎದುರಿಗೆ ಕೂತಿರುವಾಗ ಬೇರೆ ಕಾನೂನು ಹೇಗೆ ಬರುತ್ತದೆ? ಹೂವಿನ ಕಾಲಕ್ಕೆ ಬಂದು, ಸೂರ್ಯಕಾಂತಿ ಹೊಲ ತುಳಿದು, ಅಂಗೈಯ ಕನ್ನಡಿಯಲ್ಲಿ ತಮ್ಮ ಮುಖ ತಾವೇ ಹಿಡಿದುಕೊಂಡು ಹೋಗುವ ರಾಕ್ಷಸರೂ ಇದ್ದಾರೆ. ಅವರು ಕಾರಿನಲ್ಲಿ ಬರುತ್ತಾರೆ.

ಅತ್ತಿಗೆಯ ಪಾತ್ರಕ್ಕೆ ಮಾತ್ರ ನಾನು ಒಂದು ಅಪರಾಧ ಮಾಡಿದೆ.

ಅದಕ್ಕೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಅಣ್ಣನ ಮದುವೆಯಾಗಿ ಎರಡು ತಿಂಗಳಿಗೆ ಅಪ್ಪ ತೀರಿಕೊಂಡರು. ಎದೆನೋವು, ಮೈಸೂರು ಮುಟ್ಟಲಿಲ್ಲ. ಹನ್ನೊಂದನೆಯ ದಿನ, ಶಿವಗಣಾರಾಧನೆಗೆ ಬಂದ ನೆಂಟರೆಲ್ಲ ಕೂತಿದ್ದಾಗ, ಅವ್ವ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅತ್ತಿಗೆಯ ಮಡಿಲಿಗೆ ಹಾಕಿ ಒಂದೇ ಮಾತು ಆಡಿದಳು: 'ಇನ್ನು ನಿನ್ ಕೈಗೆ ಬಂತು ಕಣಮ್ಮಿ. ಮನೆ ಆಳು.'

ಮನೆಯನ್ನು ಆಳು ಎಂದಳೋ, ಮನೆ ಹಾಳು ಎಂದಳೋ? ಅವ್ವನ ಬಾಯಲ್ಲಿ ಎರಡೂ ಒಂದೇ. ಪಂಕ್ತಿಯಲ್ಲೇ ಎರಡು ಪಕ್ಷವಾಯಿತು. ನಮ್ಮ ಸೋದರತ್ತೆಯ ಕಡೆಯವರು, ಕಾಲಿಟ್ಟ ಎರಡು ತಿಂಗಳಿಗೆ ಯಜಮಾನನನ್ನು ತಿಂದವಳಿಗೆ ಇನ್ನೇನು ಹೇಳಿಯಾರು, ಹಾಳು ಅಂತಲೇ ಅಂದದ್ದು ಅಂದರು. ಅವ್ವನ ತವರಿನವರು, ಬೀಗದ ಕೈ ಕೊಟ್ಟು ಯಾರಾದರೂ ಬಯ್ಯುತ್ತಾರೇನ್ರಪ್ಪ, ಅದು ಆಶೀರ್ವಾದ ಅಂದರು. ಜಗಳ ಪಾಯಸದವರೆಗೆ ನಡೆಯಿತು. ಇಪ್ಪತ್ತರ ಹುಡುಗಿ ಅತ್ತಿಗೆ, ಮಡಿಲಲ್ಲಿ ಬೀಗದ ಕೈ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎಲ್ಲರೂ ಮರೆತರು. ಅತ್ತಿಗೆಯೂ ಮರೆತಿದ್ದಾರೆ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಖರ್ಚಿಲ್ಲವಲ್ಲ.

ಆಟದಲ್ಲಿ ಅತ್ತಿಗೆ ಮೊದಲ ಸಲ ಕೋಟೆಯ ಹತ್ತಿರ ಬಂದಾಗ ಬಾವಿ ಕಟ್ಟೆಯ ಮೇಲೆ ಒಬ್ಬ ಮುದುಕಿಯನ್ನು ಕೂರಿಸಿದೆ. ಮುದುಕಿ ಅಂದಮೇಲೆ ಕಣಿ ಹೇಳಬೇಕು. ನನಗೆ ಕಣಿ ತೋಚಲಿಲ್ಲ. ಬಾಯಿ ತನ್ನಲ್ಲಿ ಇದ್ದದ್ದನ್ನು ತೆಗೆದು ಕೊಟ್ಟಿತು: 'ನಿನ್ ಕೈಗೆ ಬಂದ್ರೆ ನಾಡು ಆಳು.' ಆಡಿದ ಮರುಕ್ಷಣ ನನಗೆ ಗೊತ್ತಾಯಿತು. ಅತ್ತಿಗೆ ನನ್ನನ್ನು ನೋಡಿದರು. ಮಂಚದ ಮೇಲೆ ಕೂತಿದ್ದ ಅವ್ವನನ್ನು ನೋಡಿದರು. ಆಮೇಲೆ, 'ಸರಿ. ನಾನು ಒಳುಕ್ಕೋಗಲ್ಲ. ಬೇರೆ ದಾರಿ ಯೋಳಿ ಮೇಷ್ಟ್ರೆ' ಎಂದರು.

ಅವತ್ತಿನಿಂದ ನಾಲ್ಕು ವರ್ಷ ಅರಸನ ಮಗಳು ಕೋಟೆಯೊಳಗೆ ಕಾಲಿಡಲಿಲ್ಲ. ಸಿಂಹಾಸನ ಖಾಲಿ. ಪ್ರಜೆಗಳು ಆರತಿ ತಟ್ಟೆ ಹಿಡಿದು ನಿಂತರು. ಕೋಟೆ ಸುತ್ತಿ ಸುತ್ತಿ ಆಕೆ ಏಳು ರಾಕ್ಷಸರನ್ನು ಕೊಂದಳು, ಕಾಡಿನ ಗೇಟು ತೆಗೆಸಿದಳು, ಬಾಗಿಲವರೆಗೆ ಬಂದು ತಿರುಗಿ ಹೋದಳು. ಕಂಡಕ್ಟರು ಗೋಳಾಡಿದ: 'ಒಳುಕ್ ಬನ್ನಿ ಅಂದ್ರೆ ಬರಕಿಲ್ಲ, ಒರ್ಗಡೆ ನಿಂತ್ಕಂಡು ಬಸ್ಸೂ ಬುಡಕಿಲ್ಲ. ಇಂಗೇ ಪ್ಯಾಸೆಂಜರ್ ಅವರೆ ನಮ್ಗೂವೆ.' ನನಗೆ ಮಾತ್ರ ಗೊತ್ತಿತ್ತು. ಒಳಗೆ ಹೋದ ದಿನ ಆ ಮಾತು ಯಾವುದೆಂದು ತೀರ್ಮಾನವಾಗಲೇಬೇಕು: ಆಳುವವಳೋ, ಹಾಳುಮಾಡುವವಳೋ. ಬಯ್ಗುಳವೇ ಆಗಿದ್ದರೆ ಅದನ್ನು ಎರಡನೆಯ ಸಲ ಹೊರುವ ಶಕ್ತಿ ಅತ್ತಿಗೆಗೆ ಇರಲಿಲ್ಲ.

ಇಂಥ ಸ್ಥಿತಿಯಲ್ಲಿ ಟೀವಿಯವರು ಬಂದರು.

ತಪ್ಪು ಮೊಬೈಲ್ ಅಂಗಡಿಯವನದು. ನಮ್ಮ ಆಟವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದ. ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಬೆಂಗಳೂರಿನ ಒಂದು ಚಾನೆಲ್ಲಿಗೆ ಸೀರಿಯಲ್ ಬರೆಯುವ ಹುಡುಗಿ ಕೇಳಿದ್ದಳು. 'ಸರ್, ನಿಮ್ಮ ಲೋಕ ನಮಗೆ ಬೇಕು' ಎಂದು ಫೋನಿನಲ್ಲಿ ಅಂದಳು. ಸೈಟು ಕೇಳಿದ ಹಾಗೆ ಕೇಳಿದಳು. ನಾನು ಉಬ್ಬಿಹೋದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಬದಲಾವಣೆಗಳು ಶುರುವಾದವು. ನಮ್ಮ ಸಾವಿರ ಕಾಲಾಳು ಅವರ ಬಜೆಟ್ಟಿನಲ್ಲಿ ಆರು ಜನ ಆದರು. ಅಕ್ಕಿರಾಜನನ್ನು ಗ್ರಾಫಿಕ್ಸಿನವರು ಒಪ್ಪಲಿಲ್ಲ. ಹಕ್ಕಿರಾಜನಾದರೆ ರೆಕ್ಕೆ ರೆಡಿ ಇದೆಯಂತೆ. ನಾನು ಮೊದಲು ಅಂದುಕೊಂಡದ್ದೇ ಅದು, ಆದರೂ ಕೇಳಿ ಮೈ ಉರಿಯಿತು. ಆನೆ ಹಿಂಡು ಊರಿಗೆ ನುಗ್ಗುವ ದೃಶ್ಯಕ್ಕೆ, 'ಆನೆ ತೋರಿಸಕ್ಕಾಗಲ್ಲ ಸರ್, ಆನೆ ಬಂತು ಅಂತ ಯಾರಾದ್ರೂ ಓಡಿಬಂದು ಹೇಳ್ತಾರೆ' ಅಂದಳು. ನಾನು ರೇಗಿದೆ. ಸ್ಪೀಕರಿನಲ್ಲಿ ಕೇಳುತ್ತಿದ್ದ ಕಂಡಕ್ಟರು ಮಾತ್ರ ಸಮಾಧಾನವಾಗಿ, 'ಅದು ಸರಿಯಾಗೇ ಅದೆ ಬುಡಿ. ನಮ್ಮೂರಲ್ಲೂ ಮೊದ್ಲು ಯೋಳೋನ್ ಬತ್ತಾನೆ, ಆನೆ ಆಮೇಕೆ' ಅಂದ.

ದೊಡ್ಡ ತೊಡಕು ಬೇರೆಯೇ ಇತ್ತು. ಅವಳು ಪ್ರತಿ ಸಲ ಕೇಳುತ್ತಿದ್ದಳು: 'ಕೊನೆಗೆ ಏನಾಗುತ್ತೆ?' ನಾನು ಪ್ರತಿ ಸಲ ಹೇಳುತ್ತಿದ್ದೆ: 'ದಾಳ ಬೀಳಲಿ, ನೋಡೋಣ.' ದಾಳವನ್ನು ಕೇಳಿಕೊಂಡು ಎಪಿಸೋಡ್ ಬರೆಯಲಾಗುವುದಿಲ್ಲ ಅಂದಳು ಪಾಪ. ನಮ್ಮಲ್ಲಿ ನಾಲ್ಕು ವರ್ಷ ಕೋಟೆ ಬಾಗಿಲಲ್ಲೇ ನಿಲ್ಲಬಹುದು. ಟೀವಿಯಲ್ಲಿ ಎರಡನೆಯ ವಾರಕ್ಕೆ ಒಳಗೆ ಹೋಗಬೇಕು, ಇಲ್ಲದಿದ್ದರೆ ಜನ ಅಡುಗೆ ಕಾರ್ಯಕ್ರಮಕ್ಕೆ ಹೋಗುತ್ತಾರೆ. ಹೀಗೆ ಮಾತಾಡುತ್ತ ಒಂದು ಸಂಜೆ ಕೇಳಿದಳು: 'ಸರ್, ಒಂದಕ್ಷರ ಡೌಟು. ಬಾವಿ ಹತ್ತಿರದ ಅಜ್ಜಿ ಹೇಳೋದು ನಾಡು ಆಳು ಅಂತಲೋ, ಹಾಳು ಅಂತಲೋ? ರೆಕಾರ್ಡಿಂಗಲ್ಲಿ ತಿಳೀತಿಲ್ಲ.'

'ಎರಡೂ' ಅಂದೆ.

'ಎರಡೂ ಬರೆಯಕ್ಕಾಗಲ್ಲ ಸರ್. ಆರ್ಟಿಸ್ಟ್ ಬಾಯಲ್ಲಿ ಒಂದು ಬರಬೇಕಲ್ಲ.'

ನಾಳೆ ಹೇಳುತ್ತೇನೆ ಅಂದೆ. ಮೂರು ವಾರ ನಾಳೆ ನಾಳೆ ಅಂದೆ. ಅತ್ತಿಗೆಯನ್ನು ಕೇಳಬಹುದಿತ್ತು. ಕೇಳಿದರೆ ಇಪ್ಪತ್ತೆರಡು ವರ್ಷದ್ದನ್ನೂ ಕೇಳಿದ ಹಾಗಾಗುತ್ತಿತ್ತು. ನಾನು ಹೇಡಿ, ಅದಕ್ಕೆ ಬೇರೆ ಪದ ಹುಡುಕುವುದು ಬೇಡ. ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕು ಸುರಿಯುವಾಗ ಇಲ್ಲದ ಸಂಕೋಚ ಈ ಒಂದಕ್ಷರಕ್ಕೆ ಬಂದಿತ್ತು. ಅವಳು ಕೊನೆಗೆ, 'ಪರವಾಗಿಲ್ಲ ಸರ್, ನಾವೇ ಫೈನಲ್ ಮಾಡಿ ಓದಿ ತೋರಿಸ್ತೀವಿ' ಅಂದಳು. ನನಗೆ ಎಷ್ಟು ಹಗುರವಾಯಿತು ಅಂದರೆ, ನಾಚಿಕೆಯಾಗಬೇಕು.

ಆ ಭಾನುವಾರ ಹುಡುಗಿ ಗುಂಡ್ಲುಪೇಟೆಗೆ ಬಂದಳು. ಕುರ್ಚಿ ಕೊಟ್ಟೆವು. ನಾವು ಮೂವರು ಗಂಡಸರು ಚಾಪೆಯ ಮೇಲೆ. ಅವ್ವ ಮಂಚದ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅತ್ತಿಗೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು. ಹುಡುಗಿ ಚೆನ್ನಾಗಿ ಓದಿದಳು. ಮಾಂತ್ರಿಕನ ದನಿ ಬೇರೆ, ಕಳ್ಳನ ದನಿ ಬೇರೆ. ಕಂಡಕ್ಟರು ತನ್ನ ಮಾತು ಬಂದಾಗಲೆಲ್ಲ ಮೊಬೈಲಿನವನನ್ನು ಮೊಣಕೈಯಲ್ಲಿ ತಿವಿಯುತ್ತಿದ್ದ. ಆಮೇಲೆ ಬಾವಿ ಬಂತು. ಹುಡುಗಿ ದನಿ ನಡುಗಿಸಿಕೊಂಡು, 'ನಿನ್ನ ಕೈಗೆ ಬಂದರೆ ನಾಡು ಹಾಳು' ಎಂದು ಓದಿದಳು.

ಹಕಾರ ಸ್ಪಷ್ಟವಾಗಿ ಬರುವ ಊರಿನ ಹುಡುಗಿ. ಆ ಮನೆಯಲ್ಲಿ ಆ ಮಾತಿಗೆ ಮೊದಲ ಸಲ ಹಕಾರ ಬಿತ್ತು.

ಅತ್ತಿಗೆ ನಡುಮನೆಗೆ ಬಂದರು. 'ಇನ್ನೊಂದ್ಸಲ ಓದವ್ವ' ಎಂದರು. ಹುಡುಗಿ ಖುಷಿಯಾಗಿ ಇನ್ನೊಂದು ಸಲ ಓದಿದಳು. 'ಕೊನೇಲಿ ಈ ರಾಣಿನೇ ನಾಡನ್ನ ಹಾಳ್ಮಾಡ್ತಾರೆ ಮೇಡಂ, ಅದೇ ಟ್ವಿಸ್ಟು' ಎಂದು ವಿವರಿಸಿದಳು. 'ಯಾವ ಅಕ್ಷರ ಅಂತ ಸರ್‌ನ ಮೂರು ವಾರ ಕೇಳಿದೆ. ಅವರು ಹೇಳಲೇ ಇಲ್ಲ.'

ಅತ್ತಿಗೆ ನನ್ನ ಕಡೆ ತಿರುಗಿದರು. ಬಯ್ದಿದ್ದರೆ ಚೆನ್ನಾಗಿತ್ತು. 'ಅವ್ರು ಯೋಳಕಿಲ್ಲ ಬುಡು' ಎಂದು ಹುಡುಗಿಗೆ ಹೇಳಿ, ಮಂಚದ ಹತ್ತಿರ ಹೋಗಿ ನಿಂತರು.

'ಅತ್ತೆ, ಮಾವ ಓದಾಗ ಬೀಗದ ಕೈ ಕೊಟ್ಟು ಒಂದು ಮಾತ್ ಅಂದ್ರಲ್ಲ. ಅದು ಯಾವ್ದು?'

ಅವ್ವ ಕೈಯಲ್ಲಿದ್ದ ಅವರೆಕಾಯಿ ಸುಲಿದಳು. ಇನ್ನೊಂದು ತೆಗೆದುಕೊಂಡಳು. ಯಾವ ಮಾತು ಎಂದು ಕೇಳಲಿಲ್ಲ.

'ಕೆಟ್ಟದ್ದೇ ಅಂದೆ ಕಣಮ್ಮಿ' ಅಂದಳು. 'ಗಂಡ ಓಗಿದ್ದ. ಒಟ್ಟೆ ಉರೀತಿತ್ತು. ಎದುರ್ಗೆ ನೀನ್ ಕುಂತಿದ್ದೆ, ಬಯ್ದೆ.' ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು. 'ನಾನ್ ಬಯ್ದೆ. ನೀನು ಬಯ್ಸ್ಕಂಡು ಆಳ್ದೆ.'

ಹಾಳು ಎಂಬ ಪದಕ್ಕೆ ಆಳ್ದೆ ಎಂಬ ರೂಪವಿಲ್ಲ. ಅದು ಆಳಿದೆ ಎಂಬುದು ಮಾತ್ರ. ಹಕಾರ ಇದ್ದವರಿಗೂ ಇಲ್ಲದವರಿಗೂ ಅದು ಒಂದೇ. ಇದನ್ನು ವ್ಯಾಕರಣದ ಮೇಷ್ಟ್ರಾಗಿ ಹೇಳುತ್ತಿದ್ದೇನೆ. ಅವತ್ತು ಅಲ್ಲಿ ಕೂತಿದ್ದಾಗ ಅದು ವ್ಯಾಕರಣ ಅನ್ನಿಸಲಿಲ್ಲ.

'ಇದ ಯೋಳಕೆ ಇಪ್ಪತ್ತೆರಡು ವರ್ಸ ಬೇಕಾಯ್ತ ಅತ್ತೆ?' ಎಂದರು ಅತ್ತಿಗೆ.

'ನೀನ್ ಕೇಳ್ನಿಲ್ಲ' ಅಂದಳು ಅವ್ವ. ಗಲ್ಲದಿಂದ ನನ್ನ ಕಡೆ ತೋರಿಸಿದಳು. 'ಇವ್ನೂ ಕೇಳ್ನಿಲ್ಲ. ಅಷ್ಟೊಂದ್ ಓದವ್ನೆ.'

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು ಅನ್ನುತ್ತಾರಲ್ಲ, ಆ ಹಲ್ಲಿ ಚಾಪೆಯ ಮೇಲೆ ಕೂತು ನೆಲ ನೋಡುತ್ತಿತ್ತು. ಕೇಳಬಹುದಿತ್ತು. ಅಪ್ಪ ತೀರಿಕೊಂಡ ವರ್ಷವೇ ಕೇಳಬಹುದಿತ್ತು. ಕೇಳುವ ಬದಲು ಅದನ್ನು ಕದ್ದು ಆಟಕ್ಕೆ ಹಾಕಿಕೊಂಡೆ, ಅದನ್ನು ಟೀವಿಗೂ ಕೊಡಲು ಹೊರಟಿದ್ದೆ.

ಹುಡುಗಿಗೆ ಏನೋ ಮುಟ್ಟಬಾರದ್ದನ್ನು ಮುಟ್ಟಿದ್ದೇನೆ ಎಂಬುದಷ್ಟೇ ತಿಳಿದಿತ್ತು. 'ಮೇಡಂ, ಆ ಅಕ್ಷರ ಬೇಕಾದ್ರೆ ತೆಗೆದುಬಿಡ್ತೀನಿ' ಅಂದಳು.

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, 'ಯಾವ್ದಾರ ಬರ್ಕವ್ವ. ನಿನ್ ಟೀವಿ ರಾಣಿ ಆಳಾರ ಮಾಡ್ಲಿ, ಏನಾರ ಮಾಡ್ಲಿ. ಅವ್ಳು ನಾನಲ್ಲ' ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗಿಗೆ ಊಟ ಹಾಕಿ, ಒಂದು ಚೀಲ ಅವರೆಕಾಯಿ ಕೊಟ್ಟು ಮೈಸೂರು ಬಸ್ಸಿಗೆ ಕಳಿಸಿದರು. ಸೀರಿಯಲ್ಲು ಇವತ್ತಿನವರೆಗೂ ಬಂದಿಲ್ಲ. ಆ ಆರು ಸೈನಿಕರಲ್ಲಿ ಇಬ್ಬರನ್ನು ಕಡಿಮೆ ಮಾಡಬಹುದಾ ಎಂದು ಹೋದ ತಿಂಗಳು ಫೋನ್ ಬಂದಿತ್ತು.

ಅವತ್ತು ಅವಳು ಹೋದ ಮೇಲೆ ಅತ್ತಿಗೆ ಚಾಪೆಗೆ ಬಂದು ಕೂತು, ಕೋಟೆಗೆ ಹೋಗುತ್ತೇನೆ ಎಂದರು. ನಾನು ಅಭ್ಯಾಸಬಲದಿಂದ ದಾಳ ಮುಂದಕ್ಕೆ ತಳ್ಳಿದೆ. 'ನಮ್ಮನೆ ಬಾಗ್ಲು ತಗಿಯಕೆ ದಾಳ ಯಾಕೆ?' ಎಂದು ಅದನ್ನು ವಾಪಸ್ ತಳ್ಳಿದರು. ಕಂಡಕ್ಟರು ಎದ್ದು ನಿಂತು ಬಾಯಲ್ಲೇ ಕಹಳೆ ಊದಿದ. ಮೊಬೈಲಿನವನು ರೆಕಾರ್ಡ್ ಮಾಡಲು ಹೋದ, ಬೇಡ ಅಂದೆ. ನನ್ನ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಆಟ ಮುಗಿದು ಅವರಿಬ್ಬರೂ ಹೊರಟ ಮೇಲೆ ನಾನು ಚಾಪೆ ಸುತ್ತುತ್ತಿದ್ದೆ. ಅತ್ತಿಗೆ ಮಂಚದ ತುದಿಯಲ್ಲಿ ಕೂತು, ಅವ್ವನ ಮೊರದಿಂದ ಒಂದು ಹಿಡಿ ಅವರೆಕಾಯಿ ತಮ್ಮ ಮಡಿಲಿಗೆ ಹಾಕಿಕೊಂಡಿದ್ದರು. ಇಬ್ಬರೂ ಬಹಳ ಹೊತ್ತು ಸುಲಿದರು.

'ಬೀಗ ತಗಿವಾಗ್ಲೆಲ್ಲ ಆ ಮಾತು ಕೇಳುಸ್ತಿತ್ತು ಅತ್ತೆ' ಎಂದರು ಅತ್ತಿಗೆ, ಕಾಳಿನ ಕಡೆಗೇ ನೋಡುತ್ತ. 'ದಿನಾಲೂವೆ.'

ಅವ್ವನ ಕೈ ನಿಂತಿತು.

'ನಂಗೂವೆ' ಅಂದಳು.